ಕಾಡುಮಾಂಸ, ಹುಲಿ ಉಗುರು, ದಂತ: ಡಿಎನ್‌ಎ ಪರೀಕ್ಷೆಯಿಂದ ನಿಜಕ್ಕೂ ಏನು ಗೊತ್ತಾಗುತ್ತದೆ?

ಆಲ್ದೂರು ಬೆಳೆಗಾರ
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಒಂದು ತೋಟದ ಲೈನ್ ಮನೆಯಿಂದ (ಕೆಲಸಗಾರರ ಸಾಲುಮನೆ) ಅರಣ್ಯ ಇಲಾಖೆಯವರು ಸಾರನ್ನು ಪಾತ್ರೆ ಸಮೇತ ತೆಗೆದುಕೊಂಡು ಹೋದರು. ಸಿಕ್ಕಿಬಿದ್ದವನು ಕುರಿ ಮಾಂಸ ಅಂತಾನೆ. ಇವರು ಕಡವೆ ಅಂತಾರೆ. ತುಂಡು ಹೈದರಾಬಾದಿಗೆ ಹೋಗಿದೆಯಂತೆ. ಈಗ ಹೋಟೆಲ್ ಕಟ್ಟೆಯಲ್ಲಿ ದಿನಾ ಇದೇ ವಾದ. ಕಾಳುಮೆಣಸು ಅರೆದು ಹಾಕಿ, ಕುಕ್ಕರಿನಲ್ಲಿ ಕೂಗಿಸಿದ ಮೇಲೆ ಅದರಲ್ಲಿ ಯಾವ ಡಿಎನ್‌ಎ ಉಳಿದಿರುತ್ತದೆ ಅಂತ ಅರ್ಧ ಜನ. ಟಿವಿಯಲ್ಲಿ ತೋರಿಸ್ತಾರಲ್ಲ, ಕೂದಲು ಸಿಕ್ಕರೆ ಸಾಕು ಎಲ್ಲ ಗೊತ್ತಾಗುತ್ತದೆ ಅಂತ ಇನ್ನರ್ಧ. ತಿಳಿದವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ಸುಮ್ನೆ ಕುತೂಹಲವಲ್ಲ, ನಮ್ಮ ತೋಟದಲ್ಲೂ ಆಗಾಗ ಉರುಳು ಸಿಗುತ್ತವೆ.

ಕೊಪ್ಪದ ಮಾರಾಯ
ಕುರಿ ಅಂದನಾ? ಕಾಡುಕುರಿ ಇರಬಹುದು ಮಾರಾಯ್ರೆ, ಪಾಪ ಅವನು ಸುಳ್ಳು ಹೇಳಿಲ್ಲ.

ಪಿಪೆಟ್ ಹಾಸನ
ನಾನು ಹಾಸನದವಳು. ಮಾಲಿಕ್ಯುಲರ್ ಬಯಾಲಜಿ ಓದಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವನ್ಯಜೀವಿ ಕೇಸುಗಳ ಲ್ಯಾಬ್ ಅಲ್ಲ, ಆದರೆ ಕೆಲಸದ ರೀತಿ ಒಂದೇ.

ಬೇಯಿಸಿದರೆ ಡಿಎನ್‌ಎ ಪೂರ್ತಿ ಹೋಗುವುದಿಲ್ಲ, ಚೂರುಚೂರಾಗುತ್ತದೆ. ಪ್ರಾಣಿ ಯಾವುದು ಅಂತ ಹೇಳಲು ಉದ್ದದ ಎಳೆ ಬೇಕಿಲ್ಲ, ನೂರಿನ್ನೂರು ಅಕ್ಷರದ (ಎಳೆಯಲ್ಲಿ ಸಾಲಾಗಿರುವ ನಾಲ್ಕು ಬಗೆಯ ಘಟಕಗಳನ್ನು ಅಕ್ಷರ ಅನ್ನುತ್ತೇವೆ) ತುಂಡು ಸಾಕಾಗುತ್ತದೆ. ಅದನ್ನು ಹುಡುಕುವುದು ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ) ಡಿಎನ್‌ಎಯಲ್ಲಿ. ಒಂದು ಜೀವಕೋಶದಲ್ಲಿ ನ್ಯೂಕ್ಲಿಯಸ್ಸಿನ ಡಿಎನ್‌ಎ ಎರಡೇ ಪ್ರತಿ, ತಾಯಿಯದೊಂದು, ತಂದೆಯದೊಂದು. ಮೈಟೊಕಾಂಡ್ರಿಯದ್ದು ನೂರಾರು, ಸಾವಿರಾರು ಪ್ರತಿ ಇರುತ್ತವೆ. ಅಷ್ಟರಲ್ಲಿ ಕೆಲವಾದರೂ ಬಚಾವಾಗುತ್ತವೆ. ಹಾಗಾಗಿ ಸಾರು, ಒಣಗಿಸಿದ ಮಾಂಸ, ಹದ ಮಾಡಿದ ಚರ್ಮ, ಹಳೇ ಮೂಳೆ ಎಲ್ಲದರಲ್ಲೂ ಪ್ರಯತ್ನ ಮಾಡಬಹುದು. ಸುಟ್ಟು ಇದ್ದಿಲಾಗಿದ್ದರೆ ಮಾತ್ರ ಕಷ್ಟ. ಖಾರ ಮಸಾಲೆಯಿಂದ ಪರೀಕ್ಷೆಗೆ ಸ್ವಲ್ಪ ತೊಂದರೆ ಆಗಬಹುದು, ಅದನ್ನು ತೊಳೆದು ಶುದ್ಧ ಮಾಡುವ ವಿಧಾನ ಇದೆ.

ಸೈಟೊಕ್ರೋಮ್ ಬಿ ಅಂತ ಒಂದು ಜೀನ್ ಇದೆ. ಅದರಲ್ಲಿ ಕೆಲವು ಜಾಗ ಎಲ್ಲ ಪ್ರಾಣಿಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ. ಆ ಜಾಗಗಳ ಮಧ್ಯೆ ಇರುವ ಭಾಗ ಮಾತ್ರ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಎರಡೂ ಬದಿ ಹಿಡಿದು ಮಧ್ಯದ ಭಾಗವನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಗಟ್ಟಲೆ ಪ್ರತಿ ಮಾಡಿ, ಅಕ್ಷರ ಓದಿ, ಗೊತ್ತಿರುವ ಪ್ರಾಣಿಗಳ ಪಟ್ಟಿಯ ಜೊತೆ ಹೋಲಿಸುತ್ತಾರೆ. ಯಾವ ಪ್ರಾಣಿ ಅಂತ ಮೊದಲೇ ಊಹೆ ಮಾಡುವುದೂ ಬೇಡ. ಇದಕ್ಕೆ ಬೇಕಾದ ಸಾರ್ವತ್ರಿಕ ಪ್ರೈಮರುಗಳನ್ನು, ಅಂದರೆ ಎರಡೂ ಬದಿ ಹಿಡಿಯುವ ಪುಟ್ಟ ತುಂಡುಗಳನ್ನು, ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರ) ಸಂಸ್ಥೆಯಲ್ಲಿ ಎಸ್.ಕೆ. ವರ್ಮಾ ಮತ್ತು ಲಾಲ್ಜಿ ಸಿಂಗ್ ರೂಪಿಸಿ 2003ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಲ್ಯಾಕೋನ್ಸ್ ಅನ್ನುವ ವನ್ಯಜೀವಿ ಪ್ರಯೋಗಾಲಯಕ್ಕೆ ದೇಶದ ನಾನಾ ಕಡೆಯಿಂದ ಇಂಥ ಮಾದರಿ ಹೋಗುತ್ತವೆ. ನಿಮ್ಮ ಸಾರೂ ಅಲ್ಲಿಗೇ ಹೋಗಿರಬಹುದು.

ಕುರಿಯೋ ಕಡವೆಯೋ ಅನ್ನುವುದು ಸುಲಭದ ಪ್ರಶ್ನೆ. ಎರಡೂ ಬಹಳ ದೂರದ ಪ್ರಾಣಿಗಳು. ಕಾಡುಕುರಿಯೂ ಅಷ್ಟೇ, ಅದು ಜಿಂಕೆ ಜಾತಿ. ಕೊಪ್ಪದವರ ತಮಾಷೆ ಲ್ಯಾಬಿನಲ್ಲಿ ನಡೆಯುವುದಿಲ್ಲ.

ಮೂಡಿಗೆರೆ ಮಳೆ
ಹಂದಿ ಆಗಿದ್ದರೆ? ನಮ್ಮ ಕಡೆ ಹೊಡೆಯುವುದೇ ಹಂದಿ. ಸಿಕ್ಕಿಬಿದ್ದವರೆಲ್ಲ ಸಾಕಿದ್ದು ಅಂತಲೇ ಹೇಳುವುದು.

ಪಿಪೆಟ್ ಹಾಸನ
ಇದು ಸಿಕ್ಕಾಪಟ್ಟೆ ಒಳ್ಳೆಯ ಪ್ರಶ್ನೆ ಸರ್. ಸಾಕು ಹಂದಿ ಬಂದಿದ್ದೇ ಕಾಡುಹಂದಿಯಿಂದ. ವಿಜ್ಞಾನದ ಲೆಕ್ಕದಲ್ಲಿ ಎರಡೂ ಒಂದೇ ಪ್ರಭೇದ, ಸುಸ್ ಸ್ಕ್ರೋಫ. ನಾನು ಮೇಲೆ ಹೇಳಿದ ಪರೀಕ್ಷೆಯಲ್ಲಿ ಹಂದಿ ಅಂತ ಬರುತ್ತದೆ. ಕಾಡಿನದೋ ದೊಡ್ಡಿಯದೋ ಅನ್ನಲು ಅದೊಂದೇ ಸಾಲದು. ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲಿ ಬೇರೆ ಗುರುತುಗಳನ್ನು ನೋಡಬೇಕು, ಬೇಯಿಸಿದ ಮಾಂಸದಲ್ಲಿ ಅದು ಸಿಗುವುದು ಕಷ್ಟ. ಅಂಥ ಕೇಸಿನಲ್ಲಿ ತಲೆ, ಚರ್ಮ, ಕೂದಲು ಸಿಕ್ಕರೆ ಡಿಎನ್‌ಎಗಿಂತ ಬೇಗ ಕೆಲಸ ಆಗುತ್ತದೆ.

ದನ ಮತ್ತು ಕಾಟಿ (ಕಾಡುಕೋಣ) ಹಾಗಲ್ಲ. ಹತ್ತಿರದ ನೆಂಟರಾದರೂ ಬೇರೆ ಬೇರೆ ಪ್ರಭೇದ. ಕೊಯ್ದು ಕತ್ತರಿಸಿದ ಮೇಲೆ ಕಣ್ಣಿಗೆ ಗೊತ್ತಾಗುವುದಿಲ್ಲ, ಡಿಎನ್‌ಎಗೆ ಗೊತ್ತಾಗುತ್ತದೆ. ಈ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಕೋರ್ಟ್ ಕಟ್ಟೆ
ಹಾಸನದಲ್ಲಿ ವಕೀಲಿಕೆ ಮಾಡುತ್ತೇನೆ. ಎರಡೂ ಕಡೆಗೆ ವಾದ ಮಾಡಿದ್ದೇನೆ, ಹಾಗಾಗಿ ಯಾರ ಪರವೂ ಅಲ್ಲ.

ಪ್ರಾಣಿ ಯಾವುದು ಅನ್ನುವುದರ ಮೇಲೆ ಶಿಕ್ಷೆ ನಿಂತಿದೆ, ಅದಕ್ಕೇ ಲ್ಯಾಬ್ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಯ್ದೆಯ ಮೊದಲ ಷೆಡ್ಯೂಲಿನ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಹುಲಿ, ಚಿರತೆ, ಆನೆ, ಕಾಟಿ, ಚಿಪ್ಪುಹಂದಿ ಎಲ್ಲ ಅದರಲ್ಲಿವೆ. ಉಳಿದ ಸಾಮಾನ್ಯ ಕೇಸುಗಳಲ್ಲಿ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕನಿಷ್ಠ ಶಿಕ್ಷೆ ಇಲ್ಲ. ವ್ಯತ್ಯಾಸ ನೋಡಿ.

ಆದರೆ ಜನ ಒಂದು ವಿಷಯ ಮರೆಯುತ್ತಾರೆ. ಡಿಎನ್‌ಎ ವರದಿ ಹೇಳುವುದು ಇದು ಕಡವೆ ಅಂತ ಮಾತ್ರ. ಯಾರು ಹೊಡೆದರು, ಯಾವಾಗ, ಎಲ್ಲಿ, ಮಾಂಸ ಯಾರ ಮನೆಯಲ್ಲಿ ಸಿಕ್ಕಿತು, ಇದ್ಯಾವುದೂ ಅದರಲ್ಲಿ ಇರುವುದಿಲ್ಲ. ಇವನ ವಶದಲ್ಲೇ ಇತ್ತು ಅಂತ ಇಲಾಖೆ ಸಾಬೀತು ಮಾಡಬೇಕು. ಅದಾದ ಮೇಲೆ 57ನೇ ಸೆಕ್ಷನ್ ಪ್ರಕಾರ ಅದು ಅಕ್ರಮ ಅಂತಲೇ ಕೋರ್ಟ್ ಹಿಡಿಯುತ್ತದೆ, ಅಲ್ಲ ಅಂತ ತೋರಿಸುವುದು ಆರೋಪಿಯ ಹೊಣೆ. ನಾನು ಆರೋಪಿ ಪರ ನಿಂತರೆ ವಿಜ್ಞಾನಿಯನ್ನು ಜಾಸ್ತಿ ಕೆಣಕುವುದಿಲ್ಲ. ಅಲ್ಲಿ ಏನೂ ಸಿಗುವುದಿಲ್ಲ ಅಂತ ಗೊತ್ತು. ನಾನು ನೋಡುವುದು ಮಹಜರು. ಮಹಜರಿನಲ್ಲಿ ಮೂರು ತುಂಡು ಅಂತ ಬರೆದು, ಲ್ಯಾಬಿನ ವರದಿಯಲ್ಲಿ ಎರಡು ತುಂಡು ಬಂತು ಅಂತಿದ್ದರೆ ಸಾಕು. ಸೀಲಿನ ಅಚ್ಚು ಹೊಂದದಿದ್ದರೆ ಸಾಕು. ವಶಪಡಿಸಿದ ದಿನಕ್ಕೂ ಕಳಿಸಿದ ದಿನಕ್ಕೂ ನಡುವೆ ಮಾಂಸ ಎಲ್ಲಿತ್ತು, ಯಾರ ಕೈಯಲ್ಲಿತ್ತು ಅಂತ ಬರೆದಿಲ್ಲದಿದ್ದರೆ ಇನ್ನೂ ಒಳ್ಳೆಯದು. ಹೈದರಾಬಾದಿನಲ್ಲಿ ಎಷ್ಟೇ ಚೆನ್ನಾಗಿ ಪರೀಕ್ಷೆ ಮಾಡಿರಲಿ, ಆ ಡಬ್ಬಿಯಲ್ಲಿದ್ದದ್ದು ಇದೇ ಮನೆಯ ಮಾಂಸ ಅಂತ ಯಾರು ಹೇಳುತ್ತಾರೆ?

ಹಳೇ ಫಾರೆಸ್ಟರ್
ವಕೀಲರು ಹೇಳಿದ್ದು ಸರಿ, ಆದರೆ ಗಾರ್ಡಿನ ಕಷ್ಟವನ್ನೂ ಕೇಳಿ. ನಾನು ನಿವೃತ್ತ. ಮುತ್ತೋಡಿ ಕಡೆಯೂ ಇದ್ದೆ, ಬಿಸಿಲೆ ಕಡೆಯೂ ಇದ್ದೆ.

ಜುಲೈ ತಿಂಗಳು. ಹೊರಗೆ ಬಿಡದ ಮಳೆ. ರಾತ್ರಿ ಹನ್ನೊಂದು ಗಂಟೆಗೆ ಮಾಹಿತಿ ಬರುತ್ತದೆ. ಇಬ್ಬರು ಗಾರ್ಡು, ಒಬ್ಬ ವಾಚರ್. ಪಂಚರನ್ನು ಕರೆದರೆ ಯಾರೂ ಬರುವುದಿಲ್ಲ, ಊರವರಿಗೆ ಊರವನ ವಿರುದ್ಧ ಸಹಿ ಹಾಕಲು ಇಷ್ಟವಿಲ್ಲ. ಟಾರ್ಚ್ ಹಿಡಿದು ಮಹಜರು ಬರೆಯಬೇಕು. ಆ ಗಡಿಬಿಡಿಯಲ್ಲಿ ಮಾಂಸವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿಬಿಡುತ್ತಾರೆ. ಬೆಳಗಾಗುವುದರೊಳಗೆ ನೀರು ಬಿಟ್ಟು ಕೊಳೆಯಲು ಶುರು.

ಸರಿಯಾದ ಕ್ರಮ ದೊಡ್ಡ ವಿದ್ಯೆಯೇನಲ್ಲ. ಗ್ಲೌಸ್ ಹಾಕಿ. ಪ್ರತಿ ತುಂಡಿಗೂ ಹೊಸ ಬ್ಲೇಡು. ಹಸಿ ಮಾಂಸವಾದರೆ ಚಿಕ್ಕ ತುಂಡನ್ನು ಆಲ್ಕೊಹಾಲಿನಲ್ಲಿ ಮುಳುಗಿಸಿ ಇಡಿ, ಅಥವಾ ಫ್ರೀಜರಿಗೆ. ಒಣ ವಸ್ತು, ಕೂದಲು, ಚರ್ಮ, ರಕ್ತ ಹತ್ತಿದ ಬಟ್ಟೆಯಾದರೆ ಆರಿಸಿ ಕಾಗದದ ಲಕೋಟೆಗೆ ಹಾಕಿ, ಸಿಲಿಕಾ ಜೆಲ್ ಜೊತೆ. ಪ್ಲಾಸ್ಟಿಕ್ಕಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಫಾರ್ಮಾಲಿನ್ ಮಾತ್ರ ಬೇಡವೇ ಬೇಡ. ಮರಣೋತ್ತರ ಪರೀಕ್ಷೆಗೆ ಅದು ಸರಿ, ಡಿಎನ್‌ಎಯನ್ನು ಹಾಳು ಮಾಡುತ್ತದೆ. ಎಲ್ಲ ಒಂದೇ ಕವರಿಗೆ ತುಂಬುವುದೂ ಬೇಡ. ಕತ್ತಿ ಬೇರೆ, ಮಾಂಸ ಬೇರೆ, ಪಾತ್ರೆ ಬೇರೆ.

ಕತ್ತಿಯ ವಿಷಯ ಯಾಕೆ ಹೇಳಿದೆ ಅಂದರೆ, ಆರೋಪಿ ಮನೆಯ ಕತ್ತಿಯ ಹಿಡಿಕೆ ಸಂದಿಯಲ್ಲಿ ಒಣಗಿದ ರಕ್ತ ಇರುತ್ತದೆ. ತೊಳೆದರೂ ಹಿಡಿಕೆಯೊಳಗೆ ಸೇರಿದ್ದು ಹೋಗುವುದಿಲ್ಲ. ಮಾಂಸ ಇನ್ನೊಬ್ಬ ಕೊಟ್ಟಿದ್ದು ಅಂತ ಅವನು ಹೇಳಿದರೆ, ಆ ಕತ್ತಿಯೇ ಉತ್ತರ. ಅದೇ ರೀತಿ ಜೀಪಿನ ಮ್ಯಾಟು, ಗೋಣಿಚೀಲ. ಹೆಚ್ಚಿನವರು ಇವನ್ನು ನೋಡುವುದೇ ಇಲ್ಲ.

ಮೂಡಿಗೆರೆ ಮಳೆ
ಎಲ್ಲ ಸರಿ. ವರದಿ ಬರಲು ತಿಂಗಳುಗಟ್ಟಲೆ. ಅಷ್ಟರಲ್ಲಿ ಆರೋಪಿ ಬೇಲ್ ಮೇಲೆ ಬಂದು ಮತ್ತೆ ಬೇಟೆಗೆ ಹೊಂಚು ಹಾಕಿ ಮರಸಿಗೆ ಕೂತಿರುತ್ತಾನೆ. ಇದೆಲ್ಲ ಪೇಪರಿನಲ್ಲಿ ಚೆಂದ ಅಷ್ಟೆ.

ಪಿಪೆಟ್ ಹಾಸನ
ತಡವಾಗುತ್ತದೆ, ಒಪ್ಪುತ್ತೇನೆ. ಪರೀಕ್ಷೆ ಮಾಡಲು ಕೆಲವೇ ದಿನ ಸಾಕು. ಸಾಲು ದೊಡ್ಡದು. ಹೈದರಾಬಾದಿನ ಲ್ಯಾಕೋನ್ಸ್, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಕೋಲ್ಕತ್ತದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ, ಇಂಥ ಕೆಲವೇ ಕಡೆ ದೇಶದ ಹೊರೆಯೆಲ್ಲ. ಈಗ ಅಂಗೈಯಲ್ಲಿ ಹಿಡಿಯುವಂಥ ನ್ಯಾನೊಪೋರ್ ಅನ್ನುವ ಡಿಎನ್‌ಎ ಓದುವ ಯಂತ್ರಗಳು ಬಂದಿವೆ. ಜಿಲ್ಲಾ ಕೇಂದ್ರದಲ್ಲೇ ಅಕ್ಷರ ಓದಿಬಿಡಬಹುದು. ಆದರೆ ಕೋರ್ಟಿಗೆ ಯಂತ್ರ ಸಾಲದು, ಓದಿದವರು ಯಾರು, ವಿಧಾನ ಯಾವುದು ಅಂತ ನಿಂತು ಹೇಳುವ ತಜ್ಞ ಬೇಕು. ಅಂಥವರನ್ನು ಪ್ರತಿ ಜಿಲ್ಲೆಗೆ ಯಾರು ಕೊಡುತ್ತಾರೆ?

ಆಲ್ದೂರು ಬೆಳೆಗಾರ
ಹುಲಿ ಉಗುರಿನ ಬಗ್ಗೆಯೂ ಹೇಳಿ. 2023ರ ಅಕ್ಟೋಬರಿನಲ್ಲಿ ಟಿವಿ ಷೋದಲ್ಲಿದ್ದವರೊಬ್ಬರ ಲಾಕೆಟ್ ಗಲಾಟೆ ಆಯ್ತಲ್ಲ, ಆಮೇಲೆ ನಮ್ಮ ಜಿಲ್ಲೆಯಲ್ಲೂ ಎಷ್ಟೋ ಜನ ಕತ್ತಿನಿಂದ ಸರ ಬಿಚ್ಚಿ ಪೆಟ್ಟಿಗೆಗೆ ಸೇರಿಸಿದರು. ನಮ್ಮ ಅಜ್ಜನ ಕಾಲದ್ದು ಒಂದು ನೆಂಟರ ಮನೆಯಲ್ಲಿದೆ. ಅಸಲಿಯೋ ನಕಲಿಯೋ ಯಾರಿಗೂ ಗೊತ್ತಿಲ್ಲ.

ಪಿಪೆಟ್ ಹಾಸನ
ಮಾರುಕಟ್ಟೆಯಲ್ಲಿ ನಕಲಿ ಬಹಳ. ದನದ ಕೊಂಬು, ಗೊರಸು ಕೆತ್ತಿ ಮಾಡುತ್ತಾರೆ, ಪ್ಲಾಸ್ಟಿಕ್ಕಿನವೂ ಇವೆ. ಬೆಳ್ಳಿ ಕಟ್ಟು ಹಾಕಿದರೆ ಬುಡ ಮುಚ್ಚಿಹೋಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅಸಲಿ ಉಗುರಿನ ಹೊರಗಿನ ಕವಚ ಕೆರಾಟಿನ್, ನಮ್ಮ ಉಗುರಿನ ಥರ. ಅದರಲ್ಲಿ ಡಿಎನ್‌ಎ ಕಡಿಮೆ. ಒಳಗೆ ಬೆರಳಿನ ಕೊನೆಯ ಮೂಳೆ ಇದ್ದರೆ ಅದರಲ್ಲಿ ಚೆನ್ನಾಗಿ ಸಿಗುತ್ತದೆ. ಮೂಳೆ ಇದೆಯಾ ಅಂತ ಮೊದಲು ಎಕ್ಸ್‌ರೇಯಲ್ಲಿ ನೋಡಬಹುದು. ಆಮೇಲೆ ಚಿಟಿಕೆಯಷ್ಟು ಪುಡಿ ಕೆರೆದು ತೆಗೆದರೆ ಹುಲಿಯೋ, ಚಿರತೆಯೋ, ದನವೋ ಅಂತ ಗೊತ್ತಾಗುತ್ತದೆ.

ಇದಕ್ಕಿಂತ ವಿಚಿತ್ರ ಹತ್ತಾ ಜೋಡಿ. ಆನ್‌ಲೈನಿನಲ್ಲಿ ಯಾವುದೋ ಅಪರೂಪದ ಬೇರು, ಮನೆಯಲ್ಲಿಟ್ಟರೆ ಹಣ ಬರುತ್ತದೆ ಅಂತ ಮಾರುತ್ತಿದ್ದರು. ಪರೀಕ್ಷೆ ಮಾಡಿದರೆ ಅದು ಗಂಡು ಉಡದ ಜನನಾಂಗ! ದೇವರ ಮುಂದೆ ಇಟ್ಟು ಪೂಜೆ ಮಾಡಿದವರು ಎಷ್ಟು ಜನವೋ.

ಕೊಪ್ಪದ ಮಾರಾಯ
ಅಯ್ಯೋ ರಾಮ. ನಮ್ಮ ಮಾವನ ಗಲ್ಲಾಪೆಟ್ಟಿಗೆಯಲ್ಲಿ ಒಂದಿದೆ. ಹೇಗೆ ಹೇಳೋದು ಈಗ?

ಕೋರ್ಟ್ ಕಟ್ಟೆ
ಮಾವನಿಗೆ ಮೆತ್ತಗೆ ಹೇಳಿ. ತಮಾಷೆ ಅಲ್ಲ, ಅದನ್ನು ಇಟ್ಟುಕೊಳ್ಳುವುದೂ ಅಪರಾಧ.

ಅಜ್ಜನ ಕಾಲದ ಉಗುರಿನ ಬಗ್ಗೆ. ಹಳೆಯದು ಅಂದಮಾತ್ರಕ್ಕೆ ವಿನಾಯಿತಿ ಇಲ್ಲ. ಘೋಷಣೆ ಮಾಡಿ ಮಾಲೀಕತ್ವದ ಪ್ರಮಾಣಪತ್ರ ಪಡೆದಿರಬೇಕು. 2003ರಲ್ಲಿ ಅದಕ್ಕೆ 180 ದಿನದ ಅವಕಾಶ ಕೊಟ್ಟಿದ್ದರು, ನಮ್ಮ ಕಡೆ ಎಷ್ಟು ಮನೆಗೆ ಆ ಸುದ್ದಿ ಮುಟ್ಟಿತ್ತೋ. ಪತ್ರ ಇಲ್ಲದಿದ್ದರೆ ವಕೀಲರನ್ನು ಕಂಡು ಇಲಾಖೆಗೆ ಒಪ್ಪಿಸುವುದೇ ದಾರಿ. ಮಾರುವುದು, ಬೇರೆಯವರಿಗೆ ಕೊಡುವುದು, ಕೆರೆಗೆ ಎಸೆಯುವುದು ಯಾವುದೂ ಬೇಡ. ಪರೀಕ್ಷೆಯಲ್ಲಿ ದನದ ಕೊಂಬು ಅಂತ ಬಂದರೆ ವನ್ಯಜೀವಿ ಕೇಸ್ ನಿಲ್ಲುವುದು ಕಷ್ಟ. ಹುಲಿಯದು ಅಂತ ಹೇಳಿ ಮಾರಿದವನ ಮೇಲೆ ವಂಚನೆ ಕೇಸ್ ಹಾಕಬಹುದು. ಅಂದರೆ ಈ ಪರೀಕ್ಷೆ ಸಿಕ್ಕಿಸುವುದಕ್ಕೆ ಮಾತ್ರವಲ್ಲ, ಬಿಡಿಸುವುದಕ್ಕೂ ಬರುತ್ತದೆ.

ಸಕಲೇಶಪುರ ಸೀಮೆ
ಆನೆ ವಿಷಯ ಯಾರೂ ಎತ್ತಲಿಲ್ಲ. ದಂತ ನೋಡಿದರೆ ದಂತ ಅಂತ ಗೊತ್ತಾಗುತ್ತದೆ, ಅದಕ್ಕೆ ಡಿಎನ್‌ಎ ಯಾಕೆ? ನಮ್ಮ ಆಲೂರು, ಯಸಳೂರು ಕಡೆ ಆನೆ ಜೊತೆ ದಿನಾ ಏಗುವವರು ನಾವು. ಕರೆಂಟ್ ತಗುಲಿ ಸತ್ತ ಆನೆಯ ದಂತ ಮಾಯವಾದರೆ ಮೊದಲು ಅನುಮಾನ ಬರುವುದೂ ನಮ್ಮ ಮೇಲೇ.

ಬೇಲೂರು ಎಂಎಸ್ಸಿ
ಅಣ್ಣ, ನಾನು ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಸೆಮಿನಾರಿಗೆ ಇದೇ ವಿಷಯ ತೆಗೆದುಕೊಂಡಿದ್ದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿಯವರೆಗೆ ಮಾತಾಡಿದ್ದು ಪ್ರಾಣಿ ಯಾವುದು ಅಂತ. ಅದು ಮನೆತನದ ಹೆಸರು ಇದ್ದ ಹಾಗೆ. ಇದು ಇದೇ ಆನೆ ಅಂತ ಹೇಳಲು ಆಧಾರ್ ನಂಬರ್ ಥರದ್ದು ಬೇಕು. ಅದು ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲಿ ಇರುವ ಮೈಕ್ರೋಸ್ಯಾಟಲೈಟ್ ಗುರುತುಗಳಿಂದ (ಒಂದೇ ಪುಟ್ಟ ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಜಾಗಗಳು, ಎಷ್ಟು ಸಲ ಅನ್ನುವುದು ಒಂದೊಂದು ಪ್ರಾಣಿಯಲ್ಲಿ ಬೇರೆ) ಬರುತ್ತದೆ. ಸತ್ತ ಆನೆಯ ಮಾಂಸದ ಮಾದರಿ ಇಟ್ಟಿದ್ದರೆ, ಆಮೇಲೆ ಎಲ್ಲೋ ಸಿಕ್ಕ ದಂತ ಅದರದೇ ಅಂತ ತೋರಿಸಬಹುದು. ನಿಮ್ಮ ಮೇಲಿನ ಅನುಮಾನವೂ ಹಾಗೇ ಹೋಗಬಹುದು.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ವಾಸರ್. ಆಫ್ರಿಕದ ಉದ್ದಗಲಕ್ಕೂ ಆನೆ ಲದ್ದಿ ಸೇರಿಸಿ, ಅದರ ಡಿಎನ್‌ಎಯಿಂದ ನಕ್ಷೆ ಮಾಡಿದರು. ಲದ್ದಿ ಮೇಲೆ ಆನೆಯ ಕರುಳಿನ ಜೀವಕೋಶ ಅಂಟಿರುತ್ತವೆ. ದಂತದ ಚೂರನ್ನು ದ್ರವ ಸಾರಜನಕದ ಚಳಿಯಲ್ಲಿ ಪುಡಿ ಮಾಡಿ ಡಿಎನ್‌ಎ ತೆಗೆಯುತ್ತಾರೆ. ಮಾಮೂಲಿಯಾಗಿ ಕೊರೆದರೆ ಬಿಸಿಗೆ ಹಾಳಾಗುತ್ತದೆ. ಆಮೇಲೆ ನಕ್ಷೆಯ ಜೊತೆ ಹೋಲಿಸಿದರೆ ಆನೆ ಯಾವ ಪ್ರದೇಶದ್ದು ಅಂತ ಬರುತ್ತದೆ. ಬೇರೆ ಬೇರೆ ಹಡಗಿನಲ್ಲಿ ಸಿಕ್ಕ ಎರಡು ದಂತ ಒಂದೇ ಆನೆಯ ಎಡ ಬಲ ಅಂತ ಗೊತ್ತಾಗಿದ್ದೂ ಉಂಟು. ಅಂದರೆ ಎರಡು ಸರಕಿನ ಹಿಂದೆ ಇರುವುದು ಒಂದೇ ಗುಂಪು. 2022ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 49 ದೊಡ್ಡ ಸರಕುಗಳ 4,320 ದಂತಗಳನ್ನು ಹೋಲಿಸಿದ್ದಾರೆ. ಜೋಡಿ ದಂತವಷ್ಟೇ ಅಲ್ಲ, ತಾಯಿ ಮಗು, ಒಡಹುಟ್ಟಿದವು ಅಂತಲೂ ಹುಡುಕಿದರು. ಅದರಿಂದ ಕಂಡಿದ್ದು, ಅಷ್ಟೊಂದು ಸರಕು ಸಾಗಿಸುತ್ತಿರುವುದು ಕೆಲವೇ ಜಾಲಗಳು.

ನಮ್ಮಲ್ಲೂ ಅಡಿಪಾಯ ಇದೆ. 2025ರ ಅಕ್ಟೋಬರಿನಲ್ಲಿ ದೇಶದ ಆನೆ ಗಣತಿ ವರದಿ ಬಂತು, ಮೊದಲ ಸಲ ಡಿಎನ್‌ಎ ಆಧಾರದ ಮೇಲೆ. 21,056 ಲದ್ದಿ ಮಾದರಿ, ಅದರಲ್ಲಿ 4,065 ಬೇರೆ ಬೇರೆ ಆನೆ ಗುರುತಿಸಿದರು. ಒಟ್ಟು ಅಂದಾಜು 22,446. ಕರ್ನಾಟಕದಲ್ಲೇ 6,013, ದೇಶದಲ್ಲೇ ಜಾಸ್ತಿ.

ಸಕಲೇಶಪುರ ಸೀಮೆ
ತಂಗಿ, ಲೆಕ್ಕ ಹಾಕಿದೆ. ಗುರುತು ಸಿಕ್ಕಿದ್ದು ಐದರಲ್ಲಿ ಒಂದು ಆನೆಗೂ ಇಲ್ಲ. ಹಾಗಾದರೆ ಸಿಕ್ಕ ದಂತಕ್ಕೆ ಜೋಡಿ ಸಿಗುವುದು ಅದೃಷ್ಟ ಇದ್ದರೆ, ಅಲ್ವಾ?

ಬೇಲೂರು ಎಂಎಸ್ಸಿ
ನಿಜ ಅಣ್ಣ. ಜೊತೆಗೆ ಲದ್ದಿಯಲ್ಲಿ ನೋಡಿದ ಗುರುತುಗಳನ್ನೇ ದಂತದಲ್ಲೂ ನೋಡಬೇಕು, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ನೇರ ಹೊಂದಿಕೆ ಸಿಗದಿದ್ದರೂ ಪ್ರದೇಶ ಹೇಳಬಹುದು. ಅದಕ್ಕೂ ಮಿತಿ ಇದೆ. ಬೆಂಗಳೂರಿನ ಎನ್‌ಸಿಬಿಎಸ್‌ನ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಉಮಾ ರಾಮಕೃಷ್ಣನ್ ಅವರ ತಂಡ 2024ರಲ್ಲಿ ಭಾರತದ ಆನೆಗಳಲ್ಲಿ ಐದು ಗುಂಪು ಗುರುತಿಸಿತು. ಪಶ್ಚಿಮ ಘಟ್ಟದಲ್ಲಿ ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು ಗುಂಪು. ನಮ್ಮ ಆನೆಗಳೆಲ್ಲ ಅದರಲ್ಲೇ ಬರುತ್ತವೆ. ಹಾಗಾಗಿ ಈ ದಂತ ಪಾಲಕ್ಕಾಡ್ ಕಣಿವೆಯ ಈಚೆಯದು ಅನ್ನಬಹುದು. ಆಲೂರಿನದೋ ನಾಗರಹೊಳೆಯದೋ ಅಂತ ಹೇಳುವುದು ಕಷ್ಟ.

ಚಿರತೆಗೆ ಇದೇ ಥರ ಮಾಡಿದ್ದಾರೆ. ಸಾಮ್ರಾಟ್ ಮೊಂಡಲ್ ಮತ್ತು ಜೊತೆಗಾರರು ಬೇರೆ ಬೇರೆ ಕಡೆ ವಶವಾದ ಚಿರತೆಯ ಅಂಗಾಂಗಗಳ ಮೂಲ ಹುಡುಕಿದರು. ಮಧ್ಯ ಭಾರತದ ಕಡೆ ಬೇಟೆ ಜಾಸ್ತಿ ಅಂತ ಕಂಡಿತು. ಎಲ್ಲಿ ಹಿಡಿದರು ಅನ್ನುವುದು ಒಂದು, ಎಲ್ಲಿ ಹೊಡೆದರು ಅನ್ನುವುದು ಇನ್ನೊಂದು. ಗಸ್ತು ಬೇಕಾಗಿರುವುದು ಎರಡನೆಯ ಕಡೆ.

ಹಳೇ ಫಾರೆಸ್ಟರ್
ಹುಲಿಗೆ ಇಷ್ಟು ಕಷ್ಟ ಬೇಡ. ಪೂರ್ತಿ ಚರ್ಮ ಸಿಕ್ಕರೆ ಪಟ್ಟೆ ನೋಡಿದರೆ ಆಯಿತು. ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ವರ್ಷವರ್ಷವೂ ಕ್ಯಾಮೆರಾ ಟ್ರ್ಯಾಪ್ ಫೋಟೊ ಇರುತ್ತದೆ. ಎರಡು ಹುಲಿಗೆ ಒಂದೇ ಪಟ್ಟೆ ಇರುವುದಿಲ್ಲ. ಹಲ್ಲು, ಮೂಳೆ, ಉಗುರು ಮಾತ್ರ ಸಿಕ್ಕಾಗ ಡಿಎನ್‌ಎ ಬೇಕು.

ಕೊಪ್ಪದ ಮಾರಾಯ
ಬೀಟೆ, ಗಂಧ ಕಳ್ಳರಿಗೂ ಇದನ್ನು ಮಾಡಬಹುದಾ? ನಮ್ಮ ಕಡೆ ಬುಡ ಮಾತ್ರ ಉಳಿದಿರುತ್ತದೆ.

ಪಿಪೆಟ್ ಹಾಸನ
ಮಾಡಬಹುದು, ಆದರೆ ಪ್ರಾಣಿಗಿಂತ ಕಷ್ಟ. ಕೆಚ್ಚು (ಮರದ ಒಳಗಿನ ಗಟ್ಟಿ ಭಾಗ) ಅಂದರೆ ಸತ್ತ ಜೀವಕೋಶ, ಡಿಎನ್‌ಎ ಬಹಳ ಕಡಿಮೆ. ಬುಡದಿಂದ ಹಸಿ ಭಾಗ, ಸಿಪ್ಪೆ ಒಳಗಿನದ್ದು ತೆಗೆದಿಟ್ಟರೆ ಒಂದು ಕಡೆಯ ಮಾದರಿಯಾದರೂ ಗಟ್ಟಿಯಾಗಿರುತ್ತದೆ.

ಆಲ್ದೂರು ಬೆಳೆಗಾರ
ಬಹಳ ತಿಳಿಯಿತು, ಎಲ್ಲರಿಗೂ ಧನ್ಯವಾದ. ಕೊನೆಗೆ ಎರಡು ಪ್ರಶ್ನೆ. ತೋಟದಲ್ಲಿ ಉರುಳಿಗೆ ಬಿದ್ದು ಸತ್ತ ಪ್ರಾಣಿ ಕಂಡರೆ ನಾವು ಏನು ಮಾಡಬೇಕು? ಮತ್ತೆ, ಆ ಲೈನ್ ಮನೆಯವನು ವರದಿ ಒಪ್ಪದಿದ್ದರೆ ಇನ್ನೊಮ್ಮೆ ಪರೀಕ್ಷೆ ಕೇಳಬಹುದಾ? ಅವನ ಹೆಂಡತಿ ನನ್ನನ್ನು ಕೇಳುತ್ತಿದ್ದರು.

ಹಳೇ ಫಾರೆಸ್ಟರ್
ಮುಟ್ಟಬೇಡಿ. ಉರುಳಿನ ತಂತಿ ಬಿಚ್ಚಬೇಡಿ, ಕಟ್ಟಿದವನ ಬೆವರು, ಚರ್ಮದ ಚೂರು ಅದರಲ್ಲಿ ಉಳಿದಿರಬಹುದು. ಅದು ಮನುಷ್ಯನ ಡಿಎನ್‌ಎ, ಅದೂ ಸಾಕ್ಷಿಯೇ. ಆಳುಗಳು ಸುತ್ತ ನಿಂತು ತುಳಿಯದಂತೆ ನೋಡಿಕೊಳ್ಳಿ. ದೂರದಿಂದ ಫೋಟೊ ತೆಗೆದು 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಸಹಾಯವಾಣಿ. ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಳೆ ಇದ್ದರೆ ಮೇಲೆ ಟಾರ್ಪಾಲ್ ಎಳೆದು ಕಟ್ಟಿ, ಪ್ರಾಣಿ ಮೇಲೆ ಹೊದಿಸಬೇಡಿ.

ಕೋರ್ಟ್ ಕಟ್ಟೆ
ಕೋರ್ಟಿಗೆ ಅರ್ಜಿ ಹಾಕಿ ಕೇಳಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ತೀರ್ಮಾನ. ಆದರೆ ಪರೀಕ್ಷೆ ಮಾಡಲು ಮಾಂಸ ಉಳಿದಿರಬೇಕಲ್ಲ? ವಶಪಡಿಸಿದ ದಿನವೇ ಎರಡು ಪೊಟ್ಟಣ ಮಾಡಿ, ಎರಡಕ್ಕೂ ಸೀಲ್ ಹಾಕಿ, ಒಂದನ್ನು ಇಲ್ಲೇ ಫ್ರೀಜರಿನಲ್ಲಿ ಇಟ್ಟಿದ್ದರೆ ಅವನಿಗೂ ಒಳ್ಳೆಯದು, ಇಲಾಖೆಗೂ ಒಳ್ಳೆಯದು. ಮಹಜರಿನ ಪ್ರತಿ ತರಿಸಿಕೊಂಡು ಎಷ್ಟು ಪೊಟ್ಟಣ ಅಂತ ಬರೆದಿದೆ ನೋಡಲು ಹೇಳಿ. ವಕೀಲರನ್ನು ಇಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿಗೆ ಅರ್ಜಿ ಹಾಕಬಹುದು, ಚಿಕ್ಕಮಗಳೂರಿನಲ್ಲಿ ಕೋರ್ಟ್ ಆವರಣದಲ್ಲಿ ವಿಚಾರಿಸಲಿ.

ಆಲ್ದೂರು ಬೆಳೆಗಾರ
ಸರಿ ಸರ್, ಇವತ್ತೇ ಹೇಳುತ್ತೇನೆ. ವರದಿ ಬಂದರೆ ಇಲ್ಲಿ ತಿಳಿಸುತ್ತೇನೆ, ಹೆಸರು ಹಾಕುವುದಿಲ್ಲ.